ಉಕ್ಕಿ ಆರಿದ ಶಿಲೆಗಳ ಸೊಗಸು

ಚಿತ್ರದುರ್ಗದ ಕೋಟೆ ನೋಡಿ ಮನಸ್ಸು ತುಂಬಿಕೊಂಡವರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ: ಅಲ್ಲಿಂದಲೇ ಊರಿಗೆ ಮರಳಬೇಡಿ, ಹಿರಿಯೂರಿನ ದಿಕ್ಕಿಗೆ ತಿರುಗಿ, ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿ. ಅಲ್ಲಿ ಕೋಟೆಯಿಲ್ಲ, ಬುರುಜಿಲ್ಲ, ಒನಕೆ ಓಬವ್ವನ ಕಿಂಡಿಯಿಲ್ಲ. ಕುರುಚಲು ಗಿಡಗಳ ನಡುವೆ ಒಂದು ಕಲ್ಲಿನ ದಿಬ್ಬವಿದೆ. ದೂರದಿಂದ ನೋಡಿದವರು ಇದಕ್ಕಾಗಿ ಇಷ್ಟು ದೂರ ಕರೆತಂದಿರಾ ಎನ್ನಬಹುದು. ಹತ್ತಿರ ಹೋದಮೇಲೆ ಹಾಗೆ ಅಂದವರನ್ನು ನಾನಂತೂ ಕಾಣೆ.

ಕಲ್ಲಿನ ಮೈಯೆಲ್ಲ ಉಬ್ಬು. ಒಂದರ ಮೇಲೊಂದು, ಒಂದರ ಪಕ್ಕಕ್ಕೊಂದು ಒತ್ತಿಕೊಂಡು ಕೂತ ದುಂಡು ದುಂಡು ಕಲ್ಲುಗಳು. ಭೂವಿಜ್ಞಾನಿಗಳು ಇದನ್ನು ಪಿಲ್ಲೋ ಲಾವಾ ಎನ್ನುತ್ತಾರೆ, ಕನ್ನಡದಲ್ಲಿ ದಿಂಬು ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಕಾಪಾಡಿಕೊಂಡು ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಂದು ಹನಿ ಮಳೆಗಾಗಿ ಮುಗಿಲು ನೋಡುವ ಆ ನೆಲ ಅಂದು ಕಡಲ ತಳವಾಗಿತ್ತು.

ಕಡಲ ತಳ ಬಿರಿದು ಲಾವಾರಸ ಉಕ್ಕಿದಾಗ ನಡೆದದ್ದನ್ನು ಈ ಕಲ್ಲು ಒಂದೊಂದು ಹೆಜ್ಜೆಯಾಗಿ ಬರೆದಿಟ್ಟಿದೆ. ಸಾವಿರ ಡಿಗ್ರಿಗೂ ಮೀರಿದ ಆ ರಸ ತಣ್ಣೀರನ್ನು ತಾಕಿದ ಕ್ಷಣಕ್ಕೇ ಮೇಲ್ಮೈ ಗಾಜಿನಂತೆ ಹೆಪ್ಪುಗಟ್ಟಿತು. ಒಳಗಿನದು ಇನ್ನೂ ಹರಿಯುತ್ತಲೇ ಇತ್ತು. ಒಲೆಯ ಮೇಲಿನ ಹಾಲು ಕೆನೆಯನ್ನು ಮೇಲೆತ್ತಿ, ಉಬ್ಬಿಸಿ, ಕೊನೆಗೆ ಹರಿದುಕೊಂಡು ಹೊರಬರುತ್ತದಲ್ಲ, ಹಾಗೆಯೇ ಅದು ತನ್ನ ಚರ್ಮವನ್ನು ತಾನೇ ಸೀಳಿಕೊಂಡು ಪಕ್ಕಕ್ಕೆ ಮತ್ತೊಂದು ಗುಂಡಾಗಿ ಉಬ್ಬಿತು. ಅದರ ಮೈಯೂ ಬಿಗಿಯಿತು, ಅದೂ ಸೀಳಿತು, ಮತ್ತೊಂದು ಹುಟ್ಟಿತು. ಮೇಲಿನ ನೀರಿನ ಭಾರ ಸಿಡಿಯಲು ಬಿಡಲಿಲ್ಲ. ಕಲ್ಲಿನ ಮೇಲೆ ಕಲ್ಲು ಸುಮ್ಮನೆ ಹೆತ್ತುಕೊಳ್ಳುತ್ತಾ ಹೋಯಿತು.

ಇಲ್ಲಿ ನಿಂತು ಒಂದೇ ಒಂದು ದಿಂಬನ್ನು ಆರಿಸಿಕೊಳ್ಳಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡಿ. ನಡುವೆ ಹಸಿರು ಛಾಯೆಯ ಬೂದು. ಬಸಾಲ್ಟ್ ಭೂಮಿಯೊಳಗಿನ ಕಾವಿಗೆ, ಒತ್ತಡಕ್ಕೆ ಸಿಕ್ಕು, ಅದರ ಖನಿಜಗಳು ಬದಲಾಗಿ ಬಂದ ಬಣ್ಣ ಅದು. ಅಂಚಿಗೆ ಬಂದಂತೆ ಕಣಗಳು ನುಣುಪಾಗುತ್ತವೆ, ಬಣ್ಣ ಗಾಢವಾಗುತ್ತದೆ. ಆ ತೆಳು ಅಂಚು, ಬೆರಳಿನ ಅಗಲವೂ ಇಲ್ಲದ ಆ ಪಟ್ಟಿಯೇ, ನೀರು ಮತ್ತು ಬೆಂಕಿ ಮುಟ್ಟಿದ ಜಾಗ. ಅದರ ಮೇಲೆ ಬೆರಳಾಡಿಸುವಾಗ ನನಗೆ ಮಾತು ಬೇಡವಾಗುತ್ತದೆ. ಆ ಹೊತ್ತಿಗೆ ಭೂಮಿಯ ಮೇಲೆ ಕಣ್ಣಿರಲಿಲ್ಲ, ಕಿವಿಯಿರಲಿಲ್ಲ, ಸೂಕ್ಷ್ಮಜೀವಿಗಳ ಹೊರತು ಜೀವವೇ ಇರಲಿಲ್ಲ. ಯಾರೂ ನೋಡದ, ಯಾರೂ ಕೇಳದ ಆ ಗಳಿಗೆ ನನ್ನ ಬೆರಳಿನ ಕೆಳಗೆ ಇನ್ನೂ ನುಣ್ಣಗೆ ಉಳಿದಿದೆ.

ಇನ್ನೊಂದು ಚೆಲುವು ದಿಂಬಿನ ಬುಡದಲ್ಲಿದೆ. ಮೇಲ್ಭಾಗ ದುಂಡಗಿದ್ದರೂ ಕೆಳಭಾಗ ಹಾಗಿಲ್ಲ, ಚೂಪಾಗಿ ಇಳಿದಿರುತ್ತದೆ. ಹೊಸ ದಿಂಬು ಇನ್ನೂ ಮೆತ್ತಗಿದ್ದಾಗ ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಇಳಿದು ಕೂತದ್ದರ ಗುರುತು ಅದು. ಮಡಿಕೆ ಬಿದ್ದು ತಲೆಕೆಳಗಾದ ಪದರಗಳಲ್ಲಿ ಮೂಲದ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯಲು ಭೂವಿಜ್ಞಾನಿಗಳು ಈ ಚೂಪನ್ನೇ ನೋಡುತ್ತಾರೆ. ಕೋಟೆಯ ಬಂಡೆಗಳ ಕಥೆ ಬೇರೆ. ಅವು ಗ್ರಾನೈಟು: ಹೊರಗೆ ಬರುವ ಅವಸರವಿಲ್ಲದೆ ನೆಲದಾಳದಲ್ಲೇ ನಿಧಾನವಾಗಿ ಆರಿದ ಶಿಲಾಪಾಕ, ಅದಕ್ಕೇ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಉಕ್ಕಿದ್ದು ಮತ್ತು ಉಕ್ಕದೆ ಉಳಿದದ್ದು ಎರಡನ್ನೂ ಒಂದೇ ದಿನದಲ್ಲಿ ಮುಟ್ಟಿ ನೋಡುವ ಭಾಗ್ಯ ಚಿತ್ರದುರ್ಗದ ಸೀಮೆಯದು.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಗಳ ರುಚಿ ಬೇರೆಯೇ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಐತಿಹ್ಯ ಎಲ್ಲರ ಬಾಯಲ್ಲೂ ಇದೆ. ನನ್ನನ್ನು ಸೆಳೆಯುವುದು ಅದಕ್ಕಿಂತ ಬಹಳ ಹಿಂದಿನ ಇತಿಹಾಸ. 8.5ರಿಂದ 9 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ಹೊರಟ ಕಾಲಕ್ಕೆ ಉಕ್ಕಿದ ಲಾವಾ ಇದು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಅತ್ತ ಮಡಗಾಸ್ಕರ್‌ನಲ್ಲೂ ಇವೆ. ಜನ ಇದನ್ನು ಬಸಾಲ್ಟ್ ಎಂದೇ ಕರೆಯುತ್ತಾರಾದರೂ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯದು. ಬಸಾಲ್ಟಿನ ಹಾಗೆ ಸಲೀಸಾಗಿ ಹರಿಯದ, ಅಂಟು ಹೆಚ್ಚಿದ ರಸ.

ದ್ವೀಪಕ್ಕೆ ಕಾಲಿಟ್ಟವರು ಮೊದಲು ಚಿಪ್ಪಿನ ದಂಡೆಯಲ್ಲಿ ಕಳೆದುಹೋಗುತ್ತಾರೆ. ಮರಳಿನ ಬದಲು ಪುಡಿಯಾದ ಬಿಳಿ ಚಿಪ್ಪು, ನಡೆದರೆ ಕರಕರ ಸದ್ದು. ಅದೂ ಚೆಂದವೇ. ಆದರೆ ಕಣ್ಣು ಮೇಲೆತ್ತಿದರೆ ಕಂಬಗಳು. ಸಾಲು ಸಾಲಾಗಿ, ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತ ಕಲ್ಲಿನ ಕಂಬಗಳು. ಹೆಚ್ಚಿನವಕ್ಕೆ ಐದೋ ಆರೋ ಮುಖ, ಅಲ್ಲಲ್ಲಿ ನಾಲ್ಕು, ಏಳು. ಯಾವ ಶಿಲ್ಪಿಯೂ ಮುಟ್ಟಿದ್ದಲ್ಲ.

ಈ ಕಸುಬೆಲ್ಲ ಆರುವಿಕೆಯದು. ಲಾವಾ ಆರುವಾಗ ಕುಗ್ಗಬೇಕು. ಅಕ್ಕಪಕ್ಕದ ಕಲ್ಲು ಹಿಡಿದುಕೊಂಡಿರುವುದರಿಂದ ಕುಗ್ಗಲು ಎಡೆಯಿಲ್ಲ, ಆದ್ದರಿಂದ ಬಿರಿಯುತ್ತದೆ. ಮೂರು ಬಿರುಕುಗಳು ಒಂದೆಡೆ ಸೇರಿ, ಅವುಗಳ ನಡುವಿನ ಕೋನ 120 ಡಿಗ್ರಿಯ ಆಸುಪಾಸಿಗೆ ಬಂದರೆ ಕಲ್ಲಿನೊಳಗಿನ ಬಿಗಿತ ಅತಿ ಕಡಿಮೆ ಖರ್ಚಿನಲ್ಲಿ ಸಡಿಲವಾಗುತ್ತದೆ. ಷಟ್ಕೋನ ಹುಟ್ಟುವುದು ಹಾಗೆ. ತಣಿದ ಮೇಲ್ಮೈಯಿಂದ ಬಿಸಿಯಾದ ಒಡಲಿನ ಕಡೆಗೆ ಬಿರುಕು ಇಳಿಯುತ್ತಾ ಹೋದಂತೆ ಷಟ್ಕೋನ ಕಂಬವಾಗುತ್ತದೆ. ನಿಧಾನವಾಗಿ ಆರಿದಲ್ಲಿ ಕಂಬ ದಪ್ಪ, ಬೇಗ ಆರಿದಲ್ಲಿ ಸಣ್ಣ. ಬಿರುಕು ಒಂದೇ ಸಮನೆ ಓಡುವುದೂ ಇಲ್ಲ. ಒಂದಿಷ್ಟು ಸೀಳುತ್ತದೆ, ನಿಲ್ಲುತ್ತದೆ, ಇನ್ನೊಂದಿಷ್ಟು ಆರಿದ ಮೇಲೆ ಮತ್ತೆ ಸೀಳುತ್ತದೆ. ಹಾಗೆ ನಿಂತು ನಿಂತು ಹೋದದ್ದರ ಗುರುತು ಇಂಥ ಕಂಬಗಳ ಮೈ ಮೇಲೆ ಅಡ್ಡ ಪಟ್ಟೆಗಳಾಗಿ ಉಳಿಯುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ, ಉಪ್ಪುಗಾಳಿ ಇನ್ನೂ ಸವೆಸದ ಮೂಲೆಯೊಂದರಲ್ಲಿ ಆ ಪಟ್ಟೆಗಳನ್ನು ಹುಡುಕಿ. ಸಿಕ್ಕಿತೆಂದರೆ ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಎಣಿಸುತ್ತಾ ಬನ್ನಿ, ಅವಸರ ಬೇಡ. ಶಿಲೆ ಉಸಿರು ಹಿಡಿದು ಹಿಡಿದು ಬಿಟ್ಟ ಲೆಕ್ಕ ಅದು.

ಈ ಕಂಬಗಳ ಮೇಲೆ ಹೆಸರು ಕೊರೆಯುವ ಕೈಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೋಟ್ಯಂತರ ವರ್ಷಗಳ ಅಲೆಗೆ ಬಗ್ಗದ ಕಲ್ಲಿಗೆ ಒಂದು ಮೊಳೆ ಸಾಕು.

ಮೂರನೆಯ ಉಕ್ಕು ಬಡಗಣ ಕರ್ನಾಟಕದ್ದು. 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಉದ್ದುದ್ದ ಸೀಳಿ ಲಾವಾ ಪ್ರವಾಹದಂತೆ ಹರಿಯಿತು. ಗೋಪುರದಂಥ ಪರ್ವತವಿಲ್ಲ, ಅದರ ತುದಿಗೊಂದು ಬಾಯಿಲ್ಲ, ಬರೀ ಬಿರುಕು. ಪದರದ ಮೇಲೆ ಪದರ ಹರಿದು ಆರಿದ ಆ ಕರಿಗಲ್ಲು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಬಹುಪಾಲು ಮಹಾರಾಷ್ಟ್ರದಲ್ಲಿ, ಅದರ ತೆಂಕಣ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳಲ್ಲಿ. ಆ ಕಲ್ಲಿನ ಚೂರೊಂದನ್ನು ಹೊಲದ ಬದುವಿನಿಂದ ಎತ್ತಿಕೊಂಡು ನೋಡಿ, ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಹೊರಡುವಷ್ಟರಲ್ಲಿ ಕಲ್ಲು ಬಿಗಿದು ಅದನ್ನು ಹಿಡಿದಿಟ್ಟ ಜಾಗಗಳು ಅವು. ಕೆಲವು ತೂತುಗಳಲ್ಲಿ ಆಮೇಲೆ ಇಳಿದ ನೀರು ಬೆಳೆಸಿದ ಬಿಳಿಯ ಜಿಯೋಲೈಟ್ ಹರಳು. ಕರಿಯ ಮೈಯಲ್ಲಿ ಆ ಬಿಳುಪು ಮಿನುಗುವಾಗ ಎಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿದರೂ ನನಗೆ ಸಾಲದು.

ಈ ಕಲ್ಲೇ ಸವೆದು ಎರೆಮಣ್ಣಾಯಿತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಾಯಿ ಬಿಡುವ, ಮಳೆಗೆ ಬೆಣ್ಣೆಯಾಗಿ ಅಂಟುವ, ಹಿಂಗಾರಿನ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುವ ಮಣ್ಣು. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂದು ಡೋಣಿ ನದಿಯ ಕಡೆಯವರು ಹೆಮ್ಮೆಯಿಂದ ಹೇಳುವುದು ಈ ಮಣ್ಣಿನ ಬಲದಿಂದಲೇ. ಅಲ್ಲಿಯ ಬಿಸಿ ರೊಟ್ಟಿಯ ಸಿಹಿಯಲ್ಲಿ ಲಾವಾದ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಕಲ್ಲಾಗಿಯೇ ಉಳಿದದ್ದು ವಿಜಯಪುರದ ಆದಿಲ್‌ಶಾಹಿಗಳ ಕೈಗೆ ಬಂತು. 1656ರಲ್ಲಿ ಮುಗಿದ ಗೋಳಗುಮ್ಮಟದ ಗೋಡೆಗಳು ಈ ಕಡುಬೂದು ಬಸಾಲ್ಟಿನವು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಭಾರವನ್ನು ಆ ಗೋಡೆಗಳು ಹೊತ್ತು ನಿಂತಿರುವ ನಿಲುವೇ ಗಂಭೀರ. ಅಲಿ ಆದಿಲ್‌ಶಾಹನ ಬಾರಾ ಕಮಾನ್ ಮುಗಿಯದೆ ಉಳಿದದ್ದರಿಂದ ಕಲ್ಲು ಯಾವ ಮರೆಯೂ ಇಲ್ಲದೆ ಬಯಲಲ್ಲಿ ನಿಂತಿದೆ, ಮಳೆ ನಿಂತ ಕೂಡಲೇ ನೋಡಿದರೆ ಕಮಾನುಗಳು ಕಪ್ಪು ರೇಷ್ಮೆಯ ಹೊಳಪಿನವು.

ಆದರೆ ಒಂದನ್ನೇ ಆರಿಸು ಎಂದರೆ ನಾನು ಮೆಹ್ತರ್ ಮಹಲಿನ ಮುಂದೆ ನಿಲ್ಲುತ್ತೇನೆ. ಅದು ಅರಮನೆಯಲ್ಲ, ಮಸೀದಿಯೊಂದರ ಹೆಬ್ಬಾಗಿಲು. ಮುಂದಕ್ಕೆ ಚಾಚಿದ ಮೊಗಸಾಲೆ, ಅದನ್ನು ಹೊತ್ತ ಕಲ್ಲಿನ ಆನಿಕೆಗಳು. ಒಂದೊಂದರಲ್ಲೂ ಬಳ್ಳಿ, ಹಕ್ಕಿ, ಸುರುಳಿ. ತೇಗದಲ್ಲಿ ಬಡಗಿ ಕೆತ್ತಿದ್ದೇ ಎನ್ನಿಸುವಷ್ಟು ತೆಳು, ಅಷ್ಟು ನವುರು. ಉಳಿಗೆ ಸುಲಭವಾಗಿ ಸೋಲದ ಗಟ್ಟಿ ಕಲ್ಲಿದು. ಇದನ್ನು ಹೀಗೆ ಬಳುಕಿಸಿದ ಕುಶಲಿಗಳ ಹೆಸರು ಗೋಡೆಯ ಮೇಲಿಲ್ಲ. ಲಾವಾರಸದಿಂದ ನಮ್ಮ ನಾಡಿನ ಮನುಷ್ಯರ ಕೈ ಮಾಡಿದ ಕೆಲಸಗಳಲ್ಲಿ ನನ್ನ ಪಾಲಿಗೆ ಇದೇ ಮೊದಲನೆಯದು. ಗೋಳಗುಮ್ಮಟದಲ್ಲಿ ಪಿಸುಮಾತು ಕೇಳಿಸಿಕೊಂಡು ತೃಪ್ತರಾದವರೆಲ್ಲ ಜಾಮಿಯಾ ಮಸೀದಿಯ ಕಡೆಗೆ ಹೋಗುವಾಗ ಇಲ್ಲಿಯೂ ಇಳಿಯಿರಿ, ಕತ್ತೆತ್ತಿ ಆ ಆನಿಕೆಗಳನ್ನು ನೋಡಿ, ಜೊತೆಗಿರುವ ಮಕ್ಕಳಿಗೂ ತೋರಿಸಿ.