ಊಹೆ ಬೇಡದ ಭಾಗಾಕಾರ

ಕುರುಡುಮಲೆಯ ಗಣಪನ ಮುಂದೆ ಎರಡು ಬಗೆಯ ಜನ ತಪ್ಪದೆ ಸಿಗುತ್ತಾರೆ: ಚುನಾವಣೆಗೆ ಹೊರಟವರು, ಪರೀಕ್ಷೆಗೆ ಹೊರಟವರು. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಡಿಸಿದ್ದು ಇಲ್ಲಿಂದಲೇ, ಮುಖ್ಯಮಂತ್ರಿಯೂ ಆದರು. ಹಾಗಾಗಿ ಮೊದಲ ಬಗೆಯವರಿಗೆ ಬರವಿಲ್ಲ. ನನಗೆ ಆಸಕ್ತಿ ಎರಡನೆಯವರಲ್ಲಿ. ಹದಿಮೂರೂವರೆ ಅಡಿಯ ಆ ಏಕಶಿಲಾ ಮೂರ್ತಿಗೆ ಕೈಮುಗಿದು ಪರೀಕ್ಷೆಗೆ ಹೋಗುವ ಹತ್ತನೇ ತರಗತಿಯವರಿಗೆ ಅಣ್ಣ-ಅಕ್ಕಂದಿರನ್ನು ಕಾಡಿದ್ದ ಒಂದು ಲೆಕ್ಕದ ಭಯವಿಲ್ಲ. ಬಹುಪದೋಕ್ತಿಗಳ ಭಾಗಾಕಾರವನ್ನು ಎನ್‌ಸಿಇಆರ್‌ಟಿ 2022ರಲ್ಲಿ ಹೊರೆ ಇಳಿಸುತ್ತೇವೆಂದು ಹತ್ತನೆಯ ಪುಸ್ತಕದಿಂದ ಕತ್ತರಿಸಿತು.

ನನ್ನ ತಕರಾರು ಇಷ್ಟೆ: ಚಿಕ್ಕ ತರಗತಿಯಲ್ಲಿ ಕಲಿಸುವ ಸಂಖ್ಯೆಗಳ ಭಾಗಾಕಾರಕ್ಕಿಂತ ಇದು ಸುಲಭ.

10004ನ್ನು 122ರಿಂದ ಭಾಗಿಸಿ. 122ರ ಮಗ್ಗಿ ಯಾರಿಗೂ ಬಾಯಿಗೆ ಬರದು. 1000ದಲ್ಲಿ ಎಷ್ಟು ಸಲ ಹೋಗುತ್ತದೆ? ಒಂಬತ್ತೆಂದರೆ 1098, ಮೀರಿತು. ಎಂಟೆಂದರೆ 976. ರಬ್ಬರು ಸವೆಯುವುದು ಇಲ್ಲೇ. ಉಳಿದ 24ರ ಪಕ್ಕಕ್ಕೆ 4 ಇಳಿಸಿದರೆ ಎರಡು ಸಲ. ಉತ್ತರ 82.

ಈಗ ಅದೇ ಲೆಕ್ಕದ ಒಡಹುಟ್ಟು. ಗೊತ್ತಿಲ್ಲದ್ದನ್ನು ‘ಯ’ ಎನ್ನೋಣ. ಭಾಸ್ಕರಾಚಾರ್ಯರೂ ಯಾವತ್ತಾವತ್ ಎಂಬುದನ್ನು ಮೊಟಕಿ ‘ಯಾ’ ಎಂದು ಬರೆದವರು. ಯ⁴ + 4 ಭಾಜ್ಯ, ಯ² + 2ಯ + 2 ಭಾಜಕ. ಭಾಜ್ಯದಲ್ಲಿ ನಡುವಿನ ಮೂರು ಪದ ಇಲ್ಲ. ಅವುಗಳ ಜಾಗಕ್ಕೆ ಸೊನ್ನೆ ಹಾಕಿ: ಯ⁴ + 0ಯ³ + 0ಯ² + 0ಯ + 4. ಮುಂದೆ ತಲೆಪದವನ್ನು ತಲೆಪದದಿಂದ ಭಾಗಿಸುವುದೊಂದೇ ಕೆಲಸ. ಯ⁴ನ್ನು ಯ²ದಿಂದ ಭಾಗಿಸಿದರೆ ಯ². ಅದರಿಂದ ಇಡೀ ಭಾಜಕವನ್ನು ಗುಣಿಸಿ ಕಳೆದರೆ −2ಯ³ − 2ಯ² ಉಳಿಯುತ್ತದೆ. ಮತ್ತೆ ತಲೆ ನೋಡಿ: −2ಯ. ಗುಣಿಸಿ ಕಳೆದರೆ 2ಯ² + 4ಯ + 4. ಇನ್ನೊಂದು 2. ಶೇಷ ಸೊನ್ನೆ, ಭಾಗಲಬ್ಧ ಯ² − 2ಯ + 2.

ಎಲ್ಲಿಯೂ ‘ಎಷ್ಟು ಸಲ ಹೋಗುತ್ತದೆ’ ಎಂಬ ಪ್ರಶ್ನೆ ಬರಲಿಲ್ಲ. ಮೀರಿತೆಂದು ಅಳಿಸಲಿಲ್ಲ. ಋಣ ಬಂದರೆ ಋಣವನ್ನೇ ಬರೆದುಕೊಂಡು ಮುಂದೆ ನಡೆದೆವು, ಪಕ್ಕದ ಮನೆಯಿಂದ ಸಾಲ ತರಲಿಲ್ಲ. ಯ ಜಾಗದಲ್ಲಿ 10 ಇಟ್ಟರೆ ಭಾಜ್ಯ 10004, ಭಾಜಕ 122, ಭಾಗಲಬ್ಧ 100 − 20 + 2, ಅಂದರೆ ಅದೇ 82.

ಇದು ಪರದೇಶದಿಂದ ಮೊನ್ನೆ ಬಂದ ವಿದ್ಯೆಯೂ ಅಲ್ಲ. 1150ರ ಬೀಜಗಣಿತದಲ್ಲಿ ಭಾಸ್ಕರರು ಅವ್ಯಕ್ತಗಳ ಭಾಗಾಕಾರಕ್ಕೆ ಒಂದು ಶ್ಲೋಕ ಕೊಟ್ಟಿದ್ದಾರೆ. ಭಾಜಕವನ್ನು ಯಾವ ಯಾವ ವರ್ಣದಿಂದ, ಅಂಕಿಯಿಂದ ಗುಣಿಸಿ ಭಾಜ್ಯದ ಆಯಾ ಸ್ಥಾನಗಳಲ್ಲಿ ಕ್ರಮವಾಗಿ ಕಳೆದರೆ ಶುದ್ಧವಾಗುತ್ತದೋ ಅವೇ ಲಬ್ಧಿ ಎಂಬುದು ಅದರ ತಾತ್ಪರ್ಯ. ‘ಆಯಾ ಸ್ಥಾನಗಳಲ್ಲಿ’ ಎಂಬಲ್ಲೇ ಇದೆ ಗುಟ್ಟು. ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್ ಸಮವಾಲ್ ಸಹಗುಣಕಗಳನ್ನಷ್ಟೇ ಕೋಷ್ಟಕದ ಮನೆಗಳಲ್ಲಿಟ್ಟು ಭಾಗಿಸಿದ. ಖಾಲಿ ಮನೆಗೆ ಸೊನ್ನೆ ಹಾಕದವರ ಲೆಕ್ಕ ಎರಡನೇ ಸಾಲಿಗೇ ಕೆಡುತ್ತದೆ. ಈ ಲೆಕ್ಕಕ್ಕೆ ಕೆಟ್ಟ ಹೆಸರು ಬಂದದ್ದು ಬಹುಪಾಲು ಅದರಿಂದಲೇ.

ಸಂಶ್ಲೇಷಿತ ಭಾಗಾಕಾರ ಸಾಲದೇ ಎನ್ನುವ ಮೇಷ್ಟ್ರುಗಳಿದ್ದಾರೆ. ಭಾಜಕ ಯ − 3ರಂಥದ್ದಾದರೆ ಅದು ಚುರುಕು, ಒಪ್ಪಿದೆ. ಶಾಲೆಯಲ್ಲಿ ಕಲಿಸುವ ಆ ಕ್ರಮ ಭಾಜಕದಲ್ಲಿ ಯ² ಕಂಡರೆ ಕೈಚೆಲ್ಲುತ್ತದೆ.

ಪುಸ್ತಕದಲ್ಲಿಲ್ಲದಿದ್ದರೂ ಮನೆಯಲ್ಲಿ ಮಕ್ಕಳ ಜೊತೆ ಒಮ್ಮೆ ಮಾಡಿ. ಯ⁶ − 1ನ್ನು ಯ² + ಯ + 1ರಿಂದ ಭಾಗಿಸಿ. ಐದು ಸೊನ್ನೆಗಳನ್ನು ಮೊದಲೇ ಬರೆದಿಡಿ. ಬಂದ ಉತ್ತರದಲ್ಲಿ ಯ ಜಾಗಕ್ಕೆ 10 ಇಟ್ಟರೆ 9009 ಬರಬೇಕು. ಶೇಷ ಉಳಿದರೆ, ಕಳೆಯುವಾಗ ಎಲ್ಲೋ ಚಿಹ್ನೆ ಬದಲಿಸಿಲ್ಲ ಎಂದರ್ಥ.