ಹೆರಾಲ್ಡಿನ ಬಾಗಿಲ ಸಂದು

ಹಳೆಯ ಕಾರೊಂದನ್ನು ರಿಪೇರಿ ಮಾಡಿಸಿ ತಂದು ನಿಲ್ಲಿಸಿದಾಗ ಎಲ್ಲರ ಕಣ್ಣು ಮೊದಲು ಬಣ್ಣದ ಹೊಳಪಿಗೆ ಹೋಗುತ್ತದೆ. ನನ್ನ ಕಣ್ಣು ಹೋಗುವುದು ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದಿಗೆ. ಅದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ, ಬಾಗಿಲ ಮೈಮೇಲೆ ಬಂದ ಗೆರೆ ಪಕ್ಕದ ತಗಡಿನ ಮೇಲೂ ತಪ್ಪದೆ ಮುಂದುವರಿಯುತ್ತದೆಯೇ, ಬಾಗಿಲನ್ನು ಮೆಲ್ಲಗೆ ದೂಡಿದರೆ ಲಾಕ್ ತಾನಾಗಿ ಕೂರುತ್ತದೆಯೇ? ಇಷ್ಟು ನೋಡಿದರೆ ಬಣ್ಣದ ಒಳಗೆ ಏನಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ದಾವಣಗೆರೆ, ಹರಿಹರದ ಟಿಂಕರಿಂಗ್ ಗ್ಯಾರೇಜುಗಳಲ್ಲಿ ಹಳೆಯ ಕಾರುಗಳ ಮೇಲೆ ನಡೆಯುವ ಕೆಲಸವನ್ನು ಈ ಒಂದು ಸಂದಿನಿಂದಲೇ ಅಳೆದು ನೋಡಬೇಕು ಅನ್ನಿಸುತ್ತದೆ. ಕೈಚಳಕಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೆಡುತ್ತಿರುವುದು ಕೆಲಸದ ಅನುಕ್ರಮ.

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಾದ ಟ್ರಯಂಫ್ ಸ್ಪಿಟ್‌ಫೈರ್, ಎಂಜಿಬಿ ನಮ್ಮ ಸೀಮೆಯಲ್ಲಿ ಕಾಣಸಿಗುವುದು ತೀರಾ ಅಪರೂಪ. ಆದರೆ ಸ್ಪಿಟ್‌ಫೈರ್ ಹುಟ್ಟಿದ್ದೇ ಯಾವ ಕಾರಿನಿಂದಲೋ ಆ ಹೆರಾಲ್ಡ್ ನಮಗೆ ಹೊಸದಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಅದನ್ನು 'ಸ್ಟ್ಯಾಂಡರ್ಡ್ ಹೆರಾಲ್ಡ್' ಎಂಬ ಹೆಸರಿನಲ್ಲಿ ತಯಾರಿಸಿತು. ಡಾಕ್ಟರು, ವಕೀಲರು, ಕಾಲೇಜು ಮೇಷ್ಟ್ರುಗಳ ಮನೆಮುಂದೆ ಆ ಪುಟ್ಟ ಕಾರು ನಿಂತಿರುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಈಗ ಅಜ್ಜನ ಕಾರನ್ನು ಶೆಡ್ಡಿನಿಂದ ಹೊರಗೆಳೆದು ಮತ್ತೆ ಓಡಿಸಬೇಕೆನ್ನುವ ಮೊಮ್ಮಕ್ಕಳು ಬಂದಿದ್ದಾರೆ. ಈ ಆಸೆಯ ಬಗ್ಗೆ ನನಗೆ ಗೌರವವಿದೆ. ಆದ್ದರಿಂದಲೇ ಅದಕ್ಕೆ ಸಿಗುತ್ತಿರುವ ಕೆಲಸದ ಬಗ್ಗೆ ಬೇಸರ.

ಹೆರಾಲ್ಡಿನ ಮೈಕಟ್ಟನ್ನು ಅರಿಯಲು ಅದರ ಚರಿತ್ರೆಯ ಒಂದು ತಿರುವನ್ನು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಸ್ಟ್ಯಾಂಡರ್ಡ್–ಟ್ರಯಂಫ್ ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಂಪನಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಕೊಂಡಿತು. ಇಡೀ ಬಾಡಿಯನ್ನು ಒಂದೇ ಗೂಡಾಗಿ ಮಾಡಿಕೊಡುವವರು ಇಲ್ಲವಾದಾಗ ಎಂಜಿನಿಯರುಗಳು ಹಳೆಯ ದಾರಿಗೇ ಹೊರಳಿದರು. ಕೆಳಗೊಂದು ಬೇರೆಯದೇ ಚಾಸಿ, ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ತುಂಡುಗಳನ್ನು ತಂದು ಬೋಲ್ಟಿನಿಂದ ಬಿಗಿಯುವ ಬಾಡಿ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟರು. 1959ರಲ್ಲಿ ಕಾರು ಬಂತು. ಅದರ ಚಾಸಿಯನ್ನು ಗಿಡ್ಡಮಾಡಿ, ಮಾರ್ಪಡಿಸಿ 1962ರಲ್ಲಿ ಸ್ಪಿಟ್‌ಫೈರ್ ತಂದರು. ಎರಡೂ ಕಾರುಗಳಲ್ಲಿ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಇಡೀ ಇಂಜಿನ್ನೂ ಮುಂದಿನ ಚಕ್ರಗಳೂ ಕೈಗೆ ಸಿಗುತ್ತವೆ. ರಿಪೇರಿ ಮಾಡುವವನಿಗೆ ಇದಕ್ಕಿಂತ ಉದಾರವಾದ ಕಾರು ಇನ್ನೊಂದಿಲ್ಲ.

ಆದರೆ ಬೋಲ್ಟು ಬಿಗಿದ ಬಾಡಿ ಎಂದರೆ ಎಲ್ಲವೂ ಅತ್ತಿತ್ತ ಸರಿಯಬಲ್ಲದು ಎಂದೇ ಅರ್ಥ. ಬಾನೆಟ್ಟಿನ ಕೀಲು, ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಅಡ್ಡಗೋಡೆ, ಹಿಂದಿನ ತೊಟ್ಟಿ, ಮೇಲಿನ ಛಾವಣಿ ಎಲ್ಲವೂ ಬೇರೆ ಬೇರೆ ಬೋಲ್ಟುಗಳ ಮೇಲೆ ನಿಂತಿವೆ. ಚಾಸಿಗೂ ಬಾಡಿಗೂ ನಡುವೆ ಅಲ್ಲಲ್ಲಿ ಪ್ಯಾಕಿಂಗ್ ಇಟ್ಟು ಎತ್ತರ ಹೊಂದಿಸಿರುತ್ತಾರೆ. ಮುಂದಿನ ಅಡ್ಡಗೋಡೆಯ ಕೆಳಗೆ ಒಂದು ತೆಳು ಪ್ಯಾಕಿಂಗ್ ಹೆಚ್ಚು ಬಿದ್ದರೆ ಬಾಗಿಲಿನ ಕಂಬ ಹಿಂದಕ್ಕೆ ವಾಲುತ್ತದೆ, ಬಾಗಿಲಿನ ಹಿಂತುದಿ ಇಳಿಯುತ್ತದೆ. ಲೆಕ್ಕ ಸರಳ. ಎರಡು ಕೀಲುಗಳ ನಡುವೆ 30 ಸೆಂಟಿಮೀಟರ್ ಅಂತರ, ಬಾಗಿಲಿನ ಉದ್ದ 90 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಕೀಲಿನ ಹಿಂದೆ 1 ಮಿಲಿಮೀಟರ್ ವ್ಯತ್ಯಾಸವಾದರೆ ಲಾಕಿನ ಕಡೆ 3 ಮಿಲಿಮೀಟರ್ ಏರುಪೇರು. ಬಾಗಿಲಿನ ಹಿಂತುದಿಯಲ್ಲಿ ಕಾಣುವ ದೋಷ ಹುಟ್ಟಿದ್ದು ಮುಂದೆ, ಅದೂ ಕೆಳಗೆ, ಎಷ್ಟೋ ಸಲ ಚಾಸಿಯಲ್ಲಿ.

ಚಾಸಿ ಕೆಡುವುದು ತುಕ್ಕಿನಿಂದ. ಹರಿಹರ ತಾಲ್ಲೂಕಿನ ಕೊಕ್ಕನೂರು, ಮಲೇಬೆನ್ನೂರಿನ ಕಡೆಗೆ ಭದ್ರಾ ನಾಲೆಯ ನೀರಿದೆ, ಭತ್ತದ ಗದ್ದೆಗಳಿವೆ. ನೆಲ ತೇವ ಹಿಡಿದಿರುವ ಇಂಥ ಕಡೆ ಮಣ್ಣುನೆಲದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರು ಕೆಳಗಿನಿಂದ ಸವೆಯುತ್ತದೆ. ಮೇಲಿನ ಛಾವಣಿ ಚೆನ್ನಾಗಿಯೇ ಇರುತ್ತದೆ. ಮಡ್‌ಗಾರ್ಡಿನ ಒಳಮೈಗೆ ಮೆತ್ತಿದ ಮಣ್ಣು ಮಳೆಗಾಲದ ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿಯಲೆಂದು ಬಿಟ್ಟ ತೂತುಗಳು ಕಸದಿಂದ ಕಟ್ಟಿ, ಗಾಜಿನ ಪಕ್ಕದಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಚಾಸಿಯಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ಕೈಗಳಿವೆಯಲ್ಲ, ಹೆರಾಲ್ಡಿನಲ್ಲಿ ಮೊದಲು ತುಕ್ಕಿಗೆ ಬಲಿಯಾಗುವ ಭಾಗಗಳಲ್ಲಿ ಅವೂ ಸೇರಿವೆ. ತುಕ್ಕು ಕಬ್ಬಿಣವನ್ನು ತಿನ್ನುವುದಷ್ಟೇ ಅಲ್ಲ, ತಾನು ಊದುತ್ತದೆ ಕೂಡ. ತಿಂದ ಲೋಹದ ಹಲವು ಪಟ್ಟು ಜಾಗ ಅದಕ್ಕೆ ಬೇಕು. ಎರಡು ತಗಡು ಸೇರಿಸಿ ಬೆಸೆದ ಕಡೆ ಒಳಗೆ ತುಕ್ಕು ಬೆಳೆದರೆ ತಗಡುಗಳನ್ನೇ ದೂರ ತಳ್ಳುತ್ತದೆ. ಯಾರೂ ಗುದ್ದದ ಕಾರಿನ ಸಂದುಗಳೂ ವರ್ಷಗಳ ಮೇಲೆ ಹಾಳಾಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಟಿಂಕರ್‌ಗಳ ಕೆಲಸ. ಮೊದಲು ಮೆಚ್ಚಬೇಕಾದ್ದನ್ನು ಮನಸಾರೆ ಮೆಚ್ಚುತ್ತೇನೆ. ಪುಣೆ–ಬೆಂಗಳೂರು ರಸ್ತೆಯ ಲಾರಿ, ಜೀಪು, ಅಂಬಾಸಿಡರುಗಳ ಮೇಲೆ ಕೈ ಪಳಗಿಸಿಕೊಂಡವರು ಇವರು. ಅಂಗಡಿಯಲ್ಲಿ ಸಿಗದ ಮಡ್‌ಗಾರ್ಡಿನ ತುದಿಯನ್ನು ಸಾದಾ ತಗಡಿನಿಂದ ಕತ್ತರಿಸಿ, ಮರಳುಚೀಲದ ಮೇಲೆ ಬಡಿದು, ಬೇಕಾದ ಉಬ್ಬು ತರಬಲ್ಲರು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ತಗಡು ಉಬ್ಬಿದರೆ ಆ ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಲಿಂದ ಸುತ್ತಿಗೆಯಲ್ಲಿ ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾರೆ. ಲೋಹ ಹಿಗ್ಗುವ, ಕುಗ್ಗುವ ಗುಣವನ್ನು ಅಂಗೈಯಲ್ಲಿ ಓದುವ ವಿದ್ಯೆ ಅದು. ಬಣ್ಣವಿಲ್ಲದ ಬರಿ ತಗಡಿನ ಮೇಲೆ ಕಣ್ಮುಚ್ಚಿ ಅಂಗೈ ಆಡಿಸಿ ತಗ್ಗು ಎಲ್ಲಿ, ಉಬ್ಬು ಎಲ್ಲಿ ಎಂದು ಹೇಳುವವರ ಮುಂದೆ ಯಂತ್ರಗಳೂ ಒಂದು ಹೆಜ್ಜೆ ಹಿಂದೆಯೇ.

ಸಮಸ್ಯೆ ಶುರುವಾಗುವುದು ಈ ಕೈಚಳಕ ಮೂಳೆಯ ಕೆಲಸಕ್ಕೆ ಮೊದಲೇ ಚರ್ಮದ ಮೇಲೆ ಖರ್ಚಾಗುವಾಗ. ಸಾಮಾನ್ಯವಾಗಿ ನಡೆಯುವುದು ಹೀಗೆ. ಬಾಡಿಯನ್ನು ಚಾಸಿಯಿಂದ ಎತ್ತಿಟ್ಟು, ಬಾಗಿಲು, ಡಿಕ್ಕಿ, ಬಾನೆಟ್ಟುಗಳನ್ನು ಬಿಚ್ಚಿ ಒಂದೊಂದನ್ನು ಒಂದೊಂದು ಮೂಲೆಯಲ್ಲಿ ತಟ್ಟಿ ನೇರ ಮಾಡುತ್ತಾರೆ. ಚಾಸಿಯ ತುಕ್ಕು ಹಿಡಿದ ಕೈಗಳನ್ನು ಕತ್ತರಿಸಿ ಕಣ್ಣಳತೆಯಲ್ಲಿ ಹೊಸವನ್ನು ಬೆಸೆಯುತ್ತಾರೆ. ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ ಬಣ್ಣ ಹೊಡೆಯುತ್ತಾರೆ. ಎಲ್ಲ ಸೇರಿಸುವ ದಿನ ಬಾಗಿಲು ಮುಚ್ಚುವುದಿಲ್ಲ. ಆಗ ಮರದ ತುಂಡು ಇಟ್ಟು ಬಾಗಿಲನ್ನು ಬಗ್ಗಿಸುವುದು, ಜಾಕ್ ಕೊಟ್ಟು ಕಂಬವನ್ನು ತಳ್ಳುವುದು, ಒರಸುವ ಅಂಚನ್ನು ಗ್ರೈಂಡರಿನಲ್ಲಿ ಸವೆಸುವುದು, ಅಗಲವಾದ ಕಡೆ ಪುಟ್ಟಿ ತುಂಬುವುದು. ಹಳೇ ಮನೆಯ ಗೋಡೆ ಕುಸಿದು ಬಾಗಿಲು ಹಿಡಿಯತೊಡಗಿದರೆ ಬಡಗಿಯನ್ನು ಕರೆಸಿ ಬಾಗಿಲನ್ನೇ ಹೆರೆಸಿದಂತೆ.

ಪುಟ್ಟಿ ಪಾಪದ ವಸ್ತುವೇನಲ್ಲ. 2–3 ಮಿಲಿಮೀಟರಿನೊಳಗೆ, ತಗಡಿನ ಮೈಯ ಸಣ್ಣ ಅಲೆಯನ್ನು ತುಂಬಲು ಅದು ಯೋಗ್ಯ. ಇಂಗ್ಲೆಂಡಿನ ಕಾರ್ಖಾನೆಗಳೇ ಕೂಡುಗೆರೆಗಳ ಮೇಲೆ ಸೀಸ ಕರಗಿಸಿ ತುಂಬಿ ಉಜ್ಜುತ್ತಿದ್ದ ಕಾಲವದು. ನನ್ನ ತಕರಾರು ಪುಟ್ಟಿಯಿಂದ ಅಂಚು ಕಟ್ಟುವುದರ ಬಗ್ಗೆ. ಬಾಗಿಲು ದಿನಕ್ಕೆ ಹತ್ತಾರು ಸಲ ಬಡಿದುಕೊಳ್ಳುವ ಭಾಗ. ಅದರ ಅಂಚಿನಲ್ಲಿ ಪುಟ್ಟಿ ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಿಂದ ಹೋದ ನೀರನ್ನು ಪುಟ್ಟಿ ಹೀರಿಕೊಂಡು ತಗಡಿಗೆ ಒತ್ತಿ ಹಿಡಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಸಂದು ನಿಜವಾಗಿಯೂ ಅಗಲವಾಗಿದ್ದರೆ ಬಾಗಿಲಿನ ಅಂಚಿಗೆ ತೆಳುವಾದ ಕಂಬಿ ಬೆಸೆದು ಅರದಿಂದ ಉಜ್ಜಿ ಸಮ ಮಾಡುವ ದಾರಿ ಇದೆ. ಅದು ಲೋಹಕ್ಕೆ ಲೋಹ. ಆದರೆ ಅದೂ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಹಾಗಾದರೆ ಮೊದಲನೆಯದು ಯಾವುದು? ನೆಲ. ಸಮನಾದ ನೆಲ, ಅದರ ಮೇಲೆ ಮಟ್ಟ ನೋಡಿ ಕೂರಿಸಿದ ಚಾಸಿ. ಚಾಸಿಯ ನಾಲ್ಕು ಗೊತ್ತಾದ ತೂತುಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಚಾಸಿ ಸೊಟ್ಟಗಾಗಿದೆಯೋ ಇಲ್ಲವೋ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಇದಕ್ಕೆ ವಿದೇಶದ ಯಂತ್ರ ಬೇಡ. ಆಮೇಲೆ ಬಾಡಿ ಕೂರಬೇಕು. ಎಲ್ಲ ಪ್ಯಾಕಿಂಗುಗಳನ್ನು ಯಾವುದು ಎಲ್ಲಿಯದೆಂದು ಬರೆದಿಟ್ಟುಕೊಂಡು ಅಲ್ಲಲ್ಲಿಯೇ ಇಡಬೇಕು. ಸವೆದ ಕೀಲಿನ ಪಿನ್ನುಗಳನ್ನು ಮೊದಲೇ ಬದಲಿಸದಿದ್ದರೆ ನಾವು ಹೊಂದಿಸುವುದು ಬಾಗಿಲನ್ನಲ್ಲ, ಪಿನ್ನಿನ ಸವೆತವನ್ನು. ಹೊಸ ರಬ್ಬರ್ ಬೀಡಿಂಗನ್ನು ಈಗಲೇ ಒತ್ತಿ ನೋಡಬೇಕು. ಹಳೆಯದಕ್ಕಿಂತ ಅದು ಗಟ್ಟಿಯಿದ್ದು ಬಾಗಿಲನ್ನು ಹೊರಗೆ ತಳ್ಳುತ್ತದೆ. ನಂತರ ಹಿಂದಿನಿಂದ ಮುಂದಕ್ಕೆ ಬರಬೇಕು. ಅಲುಗದ ಹಿಂದಿನ ಮಡ್‌ಗಾರ್ಡಿಗೆ ಬಾಗಿಲು, ಬಾಗಿಲಿಗೆ ಅಡ್ಡಗೋಡೆಯ ಅಂಚು, ಕಟ್ಟಕಡೆಗೆ ಬಾನೆಟ್ಟು. ಮುಂಗೀಲಿನ ಹೊಂದಾಣಿಕೆಯಿಂದ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಲ್ಲ ಬಾನೆಟ್ಟಿನಿಂದ ಕೆಲಸ ಶುರು ಮಾಡಿದರೆ ಉಳಿದೆಲ್ಲವೂ ಅದರ ಹಿಂದೆ ಅಲೆಯುತ್ತವೆ.

ಈ ಶಿಸ್ತು ನಮ್ಮ ಊರಿಗೆ ಹೊರಗಿನಿಂದ ಬರಬೇಕಾದ್ದಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ವಿಷಯ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಉದ್ದಗಲದ ವರ್ಕ್‌ಶಾಪುಗಳಿಗೆ ಹೋದವು. ಲೇತಿನ ಬೆಡ್ಡು ಮಟ್ಟವಾಗದೆ ಅದರ ಮೇಲಿನ ಯಾವ ಭಾಗವೂ ಸರಿ ಕೂರುವುದಿಲ್ಲ. ಮೊದಲು ಬೆಡ್ಡು, ಅದಕ್ಕೆ ತಕ್ಕಂತೆ ಹೆಡ್‌ಸ್ಟಾಕ್, ಅದಕ್ಕೆ ತಕ್ಕಂತೆ ಟೇಲ್‌ಸ್ಟಾಕ್. ನೀಲಿ ಬಣ್ಣ ಸವರಿ, ಎಲ್ಲಿ ತಾಗುತ್ತದೆಂದು ನೋಡಿ, ಸ್ಕ್ರೇಪರಿನಿಂದ ಕೂದಲೆಳೆಯಷ್ಟು ಕೆರೆಯುವ ಕೆಲಸದಲ್ಲಿ ಪಳಗಿದ ಕೈಗಳು ಈ ಊರಿನಲ್ಲಿದ್ದವು. ಕಾರ್ಖಾನೆ ಮುಚ್ಚಿತು. ಆದರೆ ಆ ಅನುಕ್ರಮದ ಪಾಠ, ತಳ ಮೊದಲು ಮೈ ಆಮೇಲೆ ಎಂಬುದು, ಊರಿನ ಹಿರಿಯ ಫಿಟ್ಟರುಗಳಲ್ಲಿ ಇನ್ನೂ ಇದೆ. ಅದೇ ಊರಿನ ಟಿಂಕರಿಂಗ್ ಶೆಡ್ಡಿಗೆ ಅದು ದಾಟಿ ಬಂದಿಲ್ಲ. ಫಿಟ್ಟರಿನದು ಅಳತೆಯ ವಿದ್ಯೆ, ಟಿಂಕರಿನದು ಕಣ್ಣಿನ ವಿದ್ಯೆ ಎಂದು ನಾವೇ ಗೋಡೆ ಎಬ್ಬಿಸಿಕೊಂಡಿದ್ದೇವೆ. ಹಳೆಯ ಕಾರು ಇಬ್ಬರನ್ನೂ ಒಟ್ಟಿಗೆ ಕೇಳುತ್ತದೆ.

ಸ್ಪಿಟ್‌ಫೈರ್ ಅಥವಾ ಎಂಜಿಬಿ ಸಿಕ್ಕವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹೆರಾಲ್ಡಿನಲ್ಲಿ ಬಾಗಿಲ ಕೆಳಗಿನ ಹೊಸ್ತಿಲು ಪಟ್ಟಿ ಭಾರ ಹೊರುವುದಿಲ್ಲ. ಸ್ಪಿಟ್‌ಫೈರ್‌ನಲ್ಲಿ, ಎಂಜಿಬಿಯಲ್ಲಿ ಅದೇ ಬೆನ್ನೆಲುಬು. ಛಾವಣಿಯಿಲ್ಲದ ಕಾರು ನಡುವೆ ಮುರಿಯದೆ ನಿಂತಿರುವುದು ಆ ಪೆಟ್ಟಿಗೆಯಾಕಾರದ ಪಟ್ಟಿಗಳಿಂದ. ತುಕ್ಕು ಹಿಡಿದಿದೆ ಎಂದು ಅವನ್ನು ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿದು ಬಾಗಿಲಿನ ಕಿಂಡಿಯ ಮೇಲ್ಭಾಗ ಕಿರಿದಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಪಟ್ಟಿ ಬೆಸೆದರೆ ಕುಸಿತವೇ ಶಾಶ್ವತ. ಕತ್ತರಿಸುವ ಮೊದಲು ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕ ಪೈಪು ಬೆಸೆದು ಬಿಗಿಯಬೇಕು. ಒಂದು ಸಲಕ್ಕೆ ಒಂದು ಕಡೆ ಮಾತ್ರ ಮುಟ್ಟಬೇಕು. ಬಾಗಿಲನ್ನು ತೂಗುಹಾಕಿಯೇ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಮುಚ್ಚಿ ನೋಡಿ, ಆಮೇಲೆ ಪೂರ್ತಿ ಬೆಸೆಯಬೇಕು.

ಈಗ ನನಗೆ ಒಪ್ಪಿಗೆಯಾಗದ ಇನ್ನೊಂದು ತುದಿ. ದೊಡ್ಡ ನಗರಗಳ ಪ್ರದರ್ಶನಗಳಿಗೆ ಕಾರು ಸಿದ್ಧಪಡಿಸುವವರು ಹಳೆಯ ಬ್ರಿಟಿಷ್ ಕಾರಿನ ಸಂದುಗಳನ್ನು ಇಂದಿನ ಜರ್ಮನ್ ಕಾರಿನಷ್ಟು ಕಿರಿದಾಗಿ, ಅಷ್ಟೇ ಸಮನಾಗಿ ಮಾಡಿಸುತ್ತಾರೆ. ನೋಡಲು ಸೊಗಸೇ. ಆದರೆ ಹೆರಾಲ್ಡ್ ಕಾರ್ಖಾನೆಯಿಂದ ಹೊರಬಂದ ದಿನವೂ ಹಾಗಿರಲಿಲ್ಲ. ಬೋಲ್ಟು ಬಿಗಿದ ತುಂಡುಗಳ ನಡುವೆ ಕೂಡುಗೆರೆಗಳು ಎದ್ದು ಕಾಣುತ್ತಿದ್ದವು. ಆ ಗೆರೆಗಳನ್ನು ಬೆಸೆದು ಮುಚ್ಚಿ ನುಣ್ಣಗೆ ಮಾಡಿದರೆ ಕಾರಿನ ಹುಟ್ಟಿನ ಕತೆಯನ್ನೇ ಅಳಿಸಿದಂತಾಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡ ಟ್ಯೂರಿನ್ ಸನ್ನದು ಮೂಲ ವಸ್ತುವನ್ನು ಉಳಿಸುವುದಕ್ಕೆ ಒತ್ತು ಕೊಡುತ್ತದೆ. ನಮ್ಮಲ್ಲೂ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನೋಂದಣಿ ನಿಯಮ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನುಗಳನ್ನು ಹೆಚ್ಚಾಗಿ ಮಾರ್ಪಡಿಸದ ವಾಹನವನ್ನೇ ವಿಂಟೇಜ್ ಎನ್ನುತ್ತದೆ. ಕೊನೆಯ ಸ್ಟ್ಯಾಂಡರ್ಡ್ ಹೆರಾಲ್ಡಿಗೂ ಈಗ ಅಷ್ಟು ವಯಸ್ಸಾಗಿದೆ. ಸಂದು ಓರೆಯಾಗಿರಬಾರದು, ಬಾಗಿಲು ತಡೆಯಬಾರದು, ನೀರು ಒಳಬರಬಾರದು. ಇಷ್ಟಾದ ಮೇಲೆ ಅದು 4 ಮಿಲಿಮೀಟರೋ 6 ಮಿಲಿಮೀಟರೋ ಎಂಬುದಕ್ಕೆ ನಾನು ಅಂಕ ಕಳೆಯುವುದಿಲ್ಲ.

ಹಾಗೆ ನೋಡಿದರೆ ನಮ್ಮ ಹೆರಾಲ್ಡಿಗೆ ಇಂಗ್ಲೆಂಡಿನದನ್ನು ಮಾದರಿಯಾಗಿ ಇಟ್ಟುಕೊಳ್ಳುವುದೂ ಒಂದು ಹಂತದವರೆಗೆ ಮಾತ್ರ ಸಾಧ್ಯ. ಅಲ್ಲಿಯ ಹೆರಾಲ್ಡ್ ಎರಡು ಬಾಗಿಲಿನ ಕಾರು. 1968ರಲ್ಲಿ ಮದ್ರಾಸಿನ ಕಂಪನಿ ಮಾರ್ಕ್ 3 ಎಂದು ನಾಲ್ಕು ಬಾಗಿಲಿನದನ್ನು ತಂದಿತು. ಅದು ಭಾರತದಲ್ಲಿ ಮಾತ್ರ ತಯಾರಾದದ್ದು. ಮುಂದಿನ ಬಾನೆಟ್ಟಿನ ಬಿಡಿಭಾಗವನ್ನು ಇಂಗ್ಲೆಂಡಿನಿಂದ ತರಿಸಬಹುದು, ಹಿಂದಿನ ಬಾಗಿಲನ್ನು ಎಲ್ಲಿಂದ ತರಿಸುವುದು? ಅದು ಹಳೆಯ ಇನ್ನೊಂದು ಕಾರಿನಿಂದ ಬರಬೇಕು, ಇಲ್ಲವೇ ಟಿಂಕರಿನ ಸುತ್ತಿಗೆಯಿಂದ ಹುಟ್ಟಬೇಕು. ನಡುವಿನ ಕಂಬ ಒಂದು ಮಿಲಿಮೀಟರ್ ಓರೆಯಾದರೂ ಅತ್ತಿತ್ತಲ ಎರಡೂ ಬಾಗಿಲುಗಳ ಸಂದು ಕೆಡುವ ಕಾರು ಇದು. ಇದನ್ನು ಸರಿ ಹೊಂದಿಸಿದ ಟಿಂಕರ್ ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಕೆಲಸ ಮಾಡಿದ್ದಾನೆ. ಅವನಿಗೆ ಪೇಂಟರಿಗಿಂತ ಹೆಚ್ಚಿನ ಕೂಲಿ ಸಲ್ಲಬೇಕು. ಇವತ್ತು ನಡೆಯುತ್ತಿರುವುದು ತದ್ವಿರುದ್ಧ: ಮಾಲೀಕರು ಬಣ್ಣದ ಡಬ್ಬಿಗೆ ಕೈಬಿಚ್ಚಿ ಕೊಡುತ್ತಾರೆ, ಪ್ಯಾಕಿಂಗ್ ತೆಗೆದು ಹಾಕುವ ದಿನಗಳನ್ನು ಸುಮ್ಮನೆ ಕಳೆದ ದಿನಗಳೆಂದು ಎಣಿಸುತ್ತಾರೆ. ಟಿಂಕರ್ ಅವಸರಪಟ್ಟು ಪುಟ್ಟಿಗೆ ಕೈ ಹಾಕುವುದರಲ್ಲಿ ಈ ಲೆಕ್ಕಾಚಾರದ ಪಾಲು ದೊಡ್ಡದು.

ಮಾಲೀಕರಲ್ಲಿ ನಾನು ಕೇಳುವುದು ಒಂದನ್ನೇ. ಪ್ರೈಮರ್ ಬಳಿದ ಕಾರನ್ನು ಪೂರ್ತಿ ಜೋಡಿಸಿ, ಇಂಜಿನ್, ಸೀಟು, ಗಾಜು ಎಲ್ಲವೂ ತಮ್ಮ ಭಾರದೊಂದಿಗೆ ಇರುವಾಗ, ಹರಿಹರದಿಂದ ಮಲೇಬೆನ್ನೂರಿನ ಕಡೆಗೆ ಕೆಲವು ದಿನ ಓಡಿಸಿ. ಹಂಪುಗಳ ಮೇಲೆ ಹತ್ತಿ ಇಳಿದಾಗ ರಬ್ಬರ್ ಪ್ಯಾಡುಗಳು ಕೂರುತ್ತವೆ, ಹೊಸ ಬೋಲ್ಟುಗಳು ಸ್ವಲ್ಪ ಸಡಿಲವಾಗುತ್ತವೆ, ಬಾಗಿಲು ತಾನು ಎಲ್ಲಿ ನಿಲ್ಲಬೇಕೆಂದಿದೆಯೋ ಅಲ್ಲಿ ನಿಲ್ಲುತ್ತದೆ. ವಾಪಸು ತಂದು ಬೋಲ್ಟು ಬಿಗಿಸಿ, ಸಂದುಗಳನ್ನು ಮತ್ತೆ ಅಳೆಸಿ, ಬೇಕಾದ ಕಡೆ ಒಂದು ಪ್ಯಾಕಿಂಗ್ ಸೇರಿಸಿ. ಎರಡೂ ಅಂಚಿಗೆ ಬೀಳುವ ಬಣ್ಣದ ದಪ್ಪಕ್ಕೂ ಸ್ವಲ್ಪ ಜಾಗ ಬಿಟ್ಟಿದ್ದಾರೆಯೇ ಎಂದು ಟಿಂಕರನ್ನು ಕೇಳಿ. ಪೇಂಟರಿಗೆ ಫೋನ್ ಮಾಡುವುದು ಅದಾದ ಮೇಲೆ.