ಶಿಲೆ ಮತ್ತು ಅವಕಾಶ: ಹವಳದ ತೊಟ್ಟಿಯ ವಿನ್ಯಾಸವನ್ನು ಕುರಿತು

ಉಪ್ಪುನೀರಿನ ತೊಟ್ಟಿಯಲ್ಲಿ ಹವಳಗಳನ್ನು ಸಾಕುವವರ ನಡುವೆ ಇತ್ತೀಚಿನ ದಶಕಗಳಲ್ಲಿ ಪ್ರಬಲವಾಗಿ ಬೆಳೆದುಬಂದಿರುವ ಶಿಲಾವಿನ್ಯಾಸದ ಪಂಥವೊಂದುಂಟು. ತೊಟ್ಟಿಯ ಬಹುಭಾಗವನ್ನು ಬರಿದಾಗಿಯೇ ಉಳಿಸಿ, ಎರಡು ಮೂರು ಶಿಲಾಸಮೂಹಗಳನ್ನು ಕಮಾನಿನಂತೆಯೋ ಗೋಪುರದಂತೆಯೋ ನಿಲ್ಲಿಸುವುದು ಅದರ ರೀತಿ. ಕಲ್ಲಿಲ್ಲದ ಅವಕಾಶಕ್ಕೂ ಕಲ್ಲಿಗೆ ಸಲ್ಲುವಷ್ಟೇ ಗೌರವ ಸಲ್ಲಬೇಕೆಂಬುದು ಅದರ ಸಿದ್ಧಾಂತ. ಈ ಪಂಥದ ಸಿದ್ಧಿಯೂ ಕೊರತೆಯೂ ಗೋಚರವಾಗಬೇಕಾದರೆ, ಅದು ಯಾವುದನ್ನು ತಳ್ಳಿಹಾಕಿ ಹುಟ್ಟಿತೋ ಆ ಹಳೆಯ ಪದ್ಧತಿಯನ್ನು ಮೊದಲು ನ್ಯಾಯದೃಷ್ಟಿಯಿಂದ ನೋಡಬೇಕು.

ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ತಮ್ಮ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದಾಗ, ಸಮುದ್ರದಿಂದ ತಂದ ಜೀವಭರಿತ ಕಲ್ಲು, ಬಿಸಿಲು, ಗಾಳಿಯ ಸಣ್ಣ ಗುಳ್ಳೆಗಳು, ಇಷ್ಟರಿಂದಲೇ ಹವಳವನ್ನು ಬದುಕಿಸಬಹುದೆಂಬ ಮಾತು ಅನೇಕರಿಗೆ ನಂಬಲರಿದಾಗಿತ್ತು. ಅನಂತರ ಜರ್ಮನಿಯಲ್ಲಿ ರೂಪುಗೊಂಡು, ಪೀಟರ್ ವಿಲ್ಕೆನ್ಸ್ ಮೊದಲಾದವರ ಬರಹಗಳಿಂದ ಹಬ್ಬಿದ ಬರ್ಲಿನ್ ಪದ್ಧತಿಯು ಈ ಲೈವ್ ರಾಕನ್ನೇ ತೊಟ್ಟಿಯ ಮುಖ್ಯ ಶೋಧಕವನ್ನಾಗಿ ಮಾಡಿ, ಜೊತೆಗೆ ನೀರಿನ ಕಲ್ಮಷವನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನೂ ತೀಕ್ಷ್ಣವಾದ ಬೆಳಕನ್ನೂ ಸೇರಿಸಿತು. ಕಲ್ಲಿನ ಹೊರಪದರದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಿನವರೆಗೆ ಒಯ್ದರೆ, ಆಮ್ಲಜನಕ ತಲಪದ ಒಳರಂಧ್ರಗಳಲ್ಲಿ ನೆಲಸಿದವು ಅದನ್ನು ಸಾರಜನಕವನ್ನಾಗಿ ಬಿಡುಗಡೆಮಾಡುತ್ತವೆ. ಕಲ್ಲೇ ಶೋಧಕವಾದ ಮೇಲೆ ಕಲ್ಲು ಹೆಚ್ಚಿದಷ್ಟೂ ಕ್ಷೇಮವೆಂಬ ಎಣಿಕೆ ಹುಟ್ಟಿದುದು ಸಹಜವೇ. ಲೀಟರು ನೀರಿಗೆ ಸುಮಾರು 120ರಿಂದ 240 ಗ್ರಾಂ ಕಲ್ಲೆಂಬ ಲೆಕ್ಕ ನಿಯಮವಾಗಿ, ಹಿಂಬದಿಯ ಗಾಜಿಗೆ ಒರಗಿಸಿ ಪೇರಿಸಿದ ಇಳಿಜಾರು ಗೋಡೆಯೇ ಹವಳದ ತೊಟ್ಟಿಯ ಸ್ಥಿರರೂಪವಾಯಿತು.

ಆ ಗೋಡೆಯ ದೋಷಗಳು ಸಣ್ಣವಲ್ಲ. ಅದರ ಬೆನ್ನಿನಲ್ಲಿ ನೀರು ನಿಶ್ಚಲವಾಗಿ, ಮೀನಿನ ಮಲವೂ ಉಳಿದ ಆಹಾರವೂ ಅಲ್ಲಿಯೇ ಮಡುಗಟ್ಟುತ್ತಿದ್ದವು. ಸಮುದ್ರದಲ್ಲಿ ದೂರದೂರ ಸಂಚರಿಸುವ ಸರ್ಜನ್ ಮೀನಿಗೆ ಮುಂದಿನ ಗಾಜಿನುದ್ದಕ್ಕೂ ಒಂದು ಓಣಿ ಮಾತ್ರ ಉಳಿಯುತ್ತಿತ್ತು. ಆದರೂ ಆ ಗೋಡೆಯ ಸಂದುಗೊಂದುಗಳಲ್ಲಿ ಕತ್ತಲೆಯೂ ಆಶ್ರಯವೂ ಇದ್ದುವು. ಮ್ಯಾಂಡರಿನ್ ಮೀನನ್ನು ಗಮನಿಸಿ: ಹಗಲೆಲ್ಲ ಕಲ್ಲಿನ ಮೈಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುತ್ತ, ಕಣ್ಣಿಗೆ ಕಂಡೂ ಕಾಣದ ಕೋಪೆಪಾಡ್‌ಗಳನ್ನು ಹೆಕ್ಕಿ ತಿನ್ನುವ ಈ ಪ್ರಾಣಿ, ಆ ಕಿರುಜೀವಿಗಳು ವಂಶ ಬೆಳಸುವಷ್ಟು ಬಿರುಕುಗಳಿಲ್ಲದ ತೊಟ್ಟಿಯಲ್ಲಿ ದಿನದಿನಕ್ಕೆ ಸೊರಗಿ ಸಾಯುತ್ತದೆ.

ಹೊಸ ಪಂಥದ ಪ್ರೇರಣೆಯಲ್ಲಿ ಬಹಳ ಮಟ್ಟಿಗೆ ಕಾಣುವುದು ಜಪಾನಿನ ತಕಾಶಿ ಅಮಾನೋ (1954–2015) ಸಿಹಿನೀರಿನ ಸಸ್ಯದ ತೊಟ್ಟಿಗಳಲ್ಲಿ ಪ್ರಸಿದ್ಧಿಗೆ ತಂದ ಇವಾಗುಮಿ ಕ್ರಮ: ಬೆಸಸಂಖ್ಯೆಯ ಕಲ್ಲುಗಳು, ಅವುಗಳಲ್ಲೊಂದು ಪ್ರಧಾನ, ಉಳಿದವು ಅದಕ್ಕೆ ಅನುವರ್ತಿಗಳು. ಇದರಿಂದ ಹವಳದ ತೊಟ್ಟಿಗೆ ಒದಗಿದ ಲಾಭವನ್ನು ಮುಕ್ತಕಂಠದಿಂದ ಒಪ್ಪಬೇಕು. ಶಿಲೆಯ ಸುತ್ತಲೂ ನೀರು ಹರಿಯುವಂತಾಯಿತು, ಮೀನು ಬಳಸಿ ಬರುವಂತಾಯಿತು. ಉಳಿಯಿಂದ ಒಡೆದ ಒಣಕಲ್ಲುಗಳನ್ನು ತೊಟ್ಟಿಯ ಹೊರಗೇ ಜೋಡಿಸಿ, ರಂಧ್ರ ಕೊರೆದು ಅಕ್ರಿಲಿಕ್ ಸರಳು ಕೂಡಿಸಿ, ಎಪಾಕ್ಸಿಯಿಂದ ಬಿಗಿದು, ಒಂದೇ ಕಾಲಿನ ಮೇಲೆ ಚಾಚು ನಿಲ್ಲಿಸುವ ಕೌಶಲ ಹಳಬರಲ್ಲಿ ಅಷ್ಟಾಗಿ ರೂಢಿಯಲ್ಲಿರಲಿಲ್ಲ. ಬುಡದ ಕಲ್ಲನ್ನು ಗಾಜಿನ ತಳದ ಮೇಲೆಯೇ ಕೂರಿಸಿ ಮರಳನ್ನು ಅನಂತರ ಸುರಿಯುವ ಎಚ್ಚರವಂತೂ ಇಲ್ಲಿ ಅನಿವಾರ್ಯ. ಇಲ್ಲವಾದರೆ ಪಿಸ್ತೂಲು ಸೀಗಡಿಯೊಂದು ಗೋಬಿ ಮೀನಿನೊಡನೆ ಬಿಲ ತೋಡಿದರೂ ಸಾಕು, ಗೋಪುರ ಗಾಜಿನ ಮೇಲೆ ಉರುಳೀತು.

ಆದರೆ ಅಮಾನೋವಿನ ತೊಟ್ಟಿಯಲ್ಲಿ ಹುಲ್ಲನ್ನು ಕತ್ತರಿಸುತ್ತ ಬಂದರೆ ಕಲ್ಲು ಕಡೆಯವರೆಗೂ ಪ್ರಭುವಾಗಿಯೇ ಉಳಿಯುತ್ತದೆ. ಹವಳದ ತೊಟ್ಟಿಯಲ್ಲಿಯಾದರೋ ಕಲ್ಲು ಮರೆಯಾಗುವುದೇ ಸಾಫಲ್ಯದ ಲಕ್ಷಣ. ಕವಲೊಡೆಯುವ ಆಕ್ರೊಪೊರಾಗಳಲ್ಲಿ ಕೆಲವು ಸಮುದ್ರದಲ್ಲಿ ವರ್ಷಕ್ಕೆ 10 ಸೆಂಟಿಮೀಟರಿಗೂ ಮಿಗಿಲಾಗಿ ಬೆಳೆಯುತ್ತವೆ. ಗ್ಯಾಲಾಕ್ಸಿಯಾ ಹವಳವು ತನ್ನ ನೀಳವಾದ ಕುಟುಕು ಬಾಹುಗಳನ್ನು ಚಾಚಿ ನೆರೆಯ ಹವಳವನ್ನು ಸುಡುತ್ತದೆ. ಮೊದಲ ತಿಂಗಳ ಛಾಯಾಚಿತ್ರದಲ್ಲಿ ಮನೋಹರವಾಗಿ ಕಂಡ ಕಮಾನಿನ ಕಂಡಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಿ, ಎಷ್ಟೋ ಶ್ರಮದಿಂದ ಸಾಧಿಸಿದ ರೇಖೆ ಅಳಿಯುತ್ತದೆ. ಬರಿಗಲ್ಲಿನ ಚೆಲುವನ್ನೇ ಕೃತಿಯ ಚೆಲುವೆಂದು ಎಣಿಸುವುದು ಈ ಪಂಥದ ಮೂಲದೋಷವೆಂದು ನನ್ನ ಅಭಿಪ್ರಾಯ.

ಸಮುದ್ರದಲ್ಲಿ ಅವಕಾಶಕ್ಕೆ ಕಾರಣವುಂಟು. ಅಲೆಗೆ ಎದುರಾದ ಹವಳದಿಬ್ಬದ ಹೊರ ಇಳಿಜಾರಿನಲ್ಲಿ ಹವಳದ ಏಣುಗಳೂ ಅವುಗಳ ನಡುವೆ ಮರಳಿನ ಕಾಲುವೆಗಳೂ ಸಾಲುಸಾಲಾಗಿ ಕಡಲಿನತ್ತ ಚಾಚಿಕೊಂಡಿರುತ್ತವೆ. ಉಕ್ಕಿಬಂದ ನೀರು ಹಿಂದಿರುಗುವುದು ಆ ಕಾಲುವೆಗಳಲ್ಲಿ, ಹವಳವನ್ನು ಕೆಡವಬಲ್ಲ ಮರಳು ಸಾಗಿಹೋಗುವುದೂ ಅವುಗಳಲ್ಲಿಯೇ. ಅಲ್ಲಿಯ ಬರಿದು ತಾಣವನ್ನು ಬರಿದಾಗಿರಿಸಿರುವುದು ನೀರಿನ ನಡೆ. ತೊಟ್ಟಿಯ ವಿನ್ಯಾಸಕಾರನೂ ಪಂಪುಗಳನ್ನು ಕಡೆಗೆ ಅಡಗಿಸಿಡತಕ್ಕ ಉಪಕರಣಗಳೆಂದು ಭಾವಿಸದೆ, ಮೊದಲು ಪ್ರವಾಹದ ದಿಕ್ಕನ್ನು ಗೊತ್ತುಮಾಡಿ, ಪೂರ್ಣವಾಗಿ ಬೆಳೆದ ಹವಳದ ಅಳತೆಯನ್ನು ಕಲ್ಪಿಸಿಕೊಂಡು, ಅನಂತರ ಕಲ್ಲಿಡುವುದಾದರೆ, ಅವನು ಬಿಟ್ಟ ತೆರವು ಐದನೆಯ ವರ್ಷದಲ್ಲಿಯೂ ತೆರವಾಗಿ ಉಳಿದೀತು. ಈ ಪಂಥದ ಉತ್ತಮ ಕೃತಿಗಳು ಹೀಗೆಯೇ ಇವೆ. ಸ್ವಲ್ಪ ಪೆಡಸಾಗಿ ಕಂಡರೂ ಅವು ಬಾಳುತ್ತವೆ.

ಇನ್ನು ಕಲ್ಲಿನ ಮಾತು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವನ್ನು ಯಾರೂ ತೊಟ್ಟಿಗೆ ತರುವಂತಿಲ್ಲ, ತರಲೂಬಾರದು. ಒಣಕಲ್ಲನ್ನು ರೂಢಿಗೆ ತಂದುದು ಈ ದೃಷ್ಟಿಯಿಂದ ಹೊಸ ಪಂಥದ ದೊಡ್ಡ ಉಪಕಾರ. ಆದರೆ ಒಣಕಲ್ಲಿನಲ್ಲಿ ಜೀವವಿಲ್ಲ, ಮೊದಲ ಕೆಲವು ತಿಂಗಳು ಅದರ ಮೇಲೆ ಡಯಾಟಮ್ಮಿನ ಕಂದು ಲೇಪ, ಆಮೇಲೆ ಒಂದೊಂದಾಗಿ ಬೇರೆ ಪಾಚಿಗಳು. ಅದಕ್ಕೆಂದೇ ಬಲ್ಲವರು ಹಳೆಯ ತೊಟ್ಟಿಯೊಂದರಲ್ಲಿ ಪಳಗಿದ ಕಲ್ಲನ್ನು ಕೇಳಿ ಪಡೆದು, ಒಡೆದು, ಹಿಂಬದಿಯ ನೆರಳಿನಲ್ಲಿ ನೋಟದ ಗೊಡವೆಯಿಲ್ಲದೆ ಪೇರಿಸಿಡುತ್ತಾರೆ. ಮ್ಯಾಂಡರಿನ್ ಮೀನು ಮೇಯುವುದು ಹೆಚ್ಚಾಗಿ ಆ ಪೇರಿಕೆಯಲ್ಲಿಯೇ.